ತೋಳೆತ್ತಿದರೆ ಏದುಸಿರು: ಪಲ್ಮನರಿ ಹೈಪರ್‌ಟೆನ್ಷನ್ ಇರುವವರಿಗೆ ತೋಳಿನ ಕಸುವು ಮತ್ತು ದಿನದ ಕೆಲಸಗಳ ಸಮಗ್ರ ಮಾರ್ಗದರ್ಶಿ

ಪಲ್ಮನರಿ ಹೈಪರ್‌ಟೆನ್ಷನ್ ಇರುವವರ ಶಕ್ತಿಯನ್ನು ಆಸ್ಪತ್ರೆಯಲ್ಲಿ ಅಳೆಯುವುದು ಹೆಚ್ಚಾಗಿ ಕಾಲಿನ ಲೆಕ್ಕದಲ್ಲಿ. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದಿರಿ, ಮೆಟ್ಟಿಲು ಹತ್ತುತ್ತೀರಾ ಎಂದು ಕೇಳುತ್ತಾರೆ. ಮನೆಗೆ ಬಂದ ಮೇಲೆ ದಮ್ಮು ಕಟ್ಟಿಸುವುದು ಮಾತ್ರ ಬೇರೆಯೇ ಕೆಲಸಗಳು: ತಲೆ ಬಾಚುವುದು, ಬೆನ್ನು ಉಜ್ಜುವುದು, ಒದ್ದೆ ಬಟ್ಟೆಯನ್ನು ಹಗ್ಗಕ್ಕೆ ಹಾಕುವುದು, ಮೇಲಿನ ಕಪಾಟಿನಿಂದ ಡಬ್ಬಿ ಇಳಿಸುವುದು. ನಿಧಾನವಾಗಿ ಅರ್ಧ ಕಿಲೋಮೀಟರ್ ನಡೆದು ಬರುವವರೂ ಜಡೆ ಹಾಕಿಕೊಳ್ಳುವಷ್ಟರಲ್ಲಿ ಎರಡು ಸಲ ಕೂರುವುದುಂಟು. ಇದು ಸೋಮಾರಿತನವಲ್ಲ, ಭ್ರಮೆಯೂ ಅಲ್ಲ. ಕಾಲಿನ ಅಳತೆ ತೋಳಿನ ಸ್ಥಿತಿಯನ್ನು ಹೇಳುವುದಿಲ್ಲ. ತೋಳನ್ನು ಬೇರೆಯಾಗಿಯೇ ಅಳೆಯಬೇಕು, ಬೇರೆಯಾಗಿಯೇ ಪಳಗಿಸಬೇಕು.

ಮೊದಲೇ ಒಂದು ಮಾತು. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿಗೂ ಈ ಕಾಯಿಲೆಗೂ ನೇರ ಸಂಬಂಧವಿಲ್ಲ. ಇಲ್ಲಿ ಒತ್ತಡ ಏರಿರುವುದು ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ. ಬಲ ಹೃದಯಕ್ಕೆ ಕ್ಯಾತಿಟರ್ (ರಕ್ತನಾಳದೊಳಗೆ ತೂರಿಸುವ ತೆಳು ನಳಿಕೆ) ಹಾಕಿ ಅಳೆದಾಗ ವಿಶ್ರಾಂತಿಯಲ್ಲಿಯೂ ಸರಾಸರಿ ಒತ್ತಡ 20 ಮಿ.ಮೀ. ಪಾದರಸಕ್ಕಿಂತ ಹೆಚ್ಚಿದ್ದರೆ ಪಲ್ಮನರಿ ಹೈಪರ್‌ಟೆನ್ಷನ್ ಎನ್ನುತ್ತಾರೆ. ತೋಳಿನ ಬಿಪಿ ಅದೇ ಹೊತ್ತಿನಲ್ಲಿ ಮಾಮೂಲಿಗಿಂತ ಕಡಿಮೆಯೇ ಇರಬಹುದು. ಔಷಧಿಗಳು ರಕ್ತನಾಳ ಹಿಗ್ಗಿಸುವಂಥವಾದ್ದರಿಂದ ಇದು ಅಪರೂಪವೇನಲ್ಲ.

ತೋಳಿನ ಕೆಲಸ ಯಾಕೆ ಇಷ್ಟು ದುಬಾರಿ

ಕಾರಣ ಒಂದಲ್ಲ. ಮೊದಲನೆಯದು ಹೃದಯದ್ದು. ಕೆಲಸ ಹೆಚ್ಚಾದಾಗ ಆರೋಗ್ಯವಂತರ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ, ಜೊತೆಗೆ ಬಡಿತವನ್ನೂ ಏರಿಸಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಬಲಭಾಗ ಬಿಗಿಯಾದ ನಾಳಗಳ ಎದುರು ತಳ್ಳಬೇಕಾದ್ದರಿಂದ ಒಂದು ಬಡಿತಕ್ಕೆ ಹೊರಹೋಗುವ ರಕ್ತ ಹೆಚ್ಚು ಏರುವುದಿಲ್ಲ. ಉಳಿದ ದಾರಿ ಬಡಿತದ ಓಟ ಒಂದೇ. ತೋಳಿನ ಸ್ನಾಯುಗಳೋ ಚಿಕ್ಕವು. ಕಾಲು ಮಾಡುವಷ್ಟೇ ಕೆಲಸವನ್ನು ತೋಳು ಮಾಡಿದರೆ ನಾಡಿಬಡಿತ, ಬಿಪಿ, ಉಸಿರಾಟ ಮೂರೂ ಹೆಚ್ಚು ಏರುತ್ತವೆ. ಇದು ಆರೋಗ್ಯವಂತರಲ್ಲೂ ಹಾಗೆಯೇ. ಮೊದಲೇ ಮಿತಿಯ ಅಂಚಿನಲ್ಲಿರುವ ಹೃದಯಕ್ಕೆ ಅದು ಎದ್ದು ಕಾಣುತ್ತದೆ.

ಎರಡನೆಯದು ಹೆಗಲಿನದು. ಕತ್ತಿನ ಪಕ್ಕದ, ಎದೆಯ ಮುಂದಿನ ಮತ್ತು ಪಕ್ಕೆಲುಬಿನ ಮೇಲಿನ ಕೆಲವು ಸ್ನಾಯುಗಳಿಗೆ ಎರಡು ಕೆಲಸ: ಏದುಸಿರು ಬಂದಾಗ ಎದೆಗೂಡು ಎತ್ತುವುದು, ತೋಳು ಎತ್ತಿದಾಗ ಹೆಗಲನ್ನು ಹಿಡಿದು ನಿಲ್ಲಿಸುವುದು. ಆಸರೆಯಿಲ್ಲದೆ ತೋಳು ಮೇಲಿದ್ದಷ್ಟು ಹೊತ್ತೂ ಅವು ಉಸಿರಿಗೆ ಸರಿಯಾಗಿ ಒದಗುವುದಿಲ್ಲ. ಹೊರೆಯೆಲ್ಲ ವಪೆಯ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಿನ, ಮೇಲೆ ಬೀಳುತ್ತದೆ. ಆದ್ದರಿಂದಲೇ ಮೊಣಕೈಯನ್ನು ಮೇಜಿಗೆ ಊರಿ ತಲೆ ಬಾಚಿದರೆ ಸಲೀಸು, ಗಾಳಿಯಲ್ಲಿ ಎತ್ತಿಕೊಂಡು ಬಾಚಿದರೆ ಏದುಸಿರು. ತೂಕವೇ ಇಲ್ಲದ ಬಾಚಣಿಗೆ ಇಷ್ಟು ಕಾಡುವುದು ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ. ತೋಳಿಗೇ ಸುಮಾರು ಮೂರು ಕಿಲೋ ತೂಕವಿದೆ.

ಮೂರನೆಯದು ನಮಗೆ ಗೊತ್ತಿಲ್ಲದೆ ಆಗುವ ತಪ್ಪು. ಭಾರ ಎತ್ತುವಾಗ, ಬಿಗಿ ಮುಚ್ಚಳ ತಿರುಗಿಸುವಾಗ, ಬಟ್ಟೆ ಹಿಂಡುವಾಗ ಉಸಿರು ಬಿಗಿ ಹಿಡಿಯುತ್ತೇವೆ. ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ವಾಪಸ್ಸು ಬರುವ ರಕ್ತ ಆ ಕ್ಷಣಕ್ಕೆ ಕಡಿಮೆಯಾಗುತ್ತದೆ. ಈ ಕಾಯಿಲೆಯವರಲ್ಲಿ ಅಷ್ಟೇ ಸಾಕು, ಕಣ್ಣು ಕತ್ತಲೆ ಬಂದು ಬೀಳಬಹುದು. ಮುಂದೆ ಹೇಳುವ ಎಲ್ಲ ಹೆಜ್ಜೆಗಳಲ್ಲೂ ಉಸಿರಿನ ಮಾತು ಮತ್ತೆ ಮತ್ತೆ ಬರುವುದು ಇದಕ್ಕೇ.

ಹೆಜ್ಜೆ 1: ಶುರು ಮಾಡಬಹುದೇ ಎಂದು ಖಚಿತ ಮಾಡಿಕೊಳ್ಳಿ

ಒಂದು ಕಾಲದಲ್ಲಿ ಈ ಕಾಯಿಲೆಯವರಿಗೆ ವ್ಯಾಯಾಮವೇ ಬೇಡ ಎನ್ನುತ್ತಿದ್ದರು. 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ವೈದ್ಯರು 30 ರೋಗಿಗಳ ಮೇಲೆ ನಡೆಸಿದ 15 ವಾರಗಳ ಅಧ್ಯಯನ ಆ ಧೋರಣೆಯನ್ನು ಬದಲಿಸಿತು. ಸೈಕಲ್, ನಡಿಗೆ, ಉಸಿರಾಟದ ಅಭ್ಯಾಸಗಳ ಜೊತೆಗೆ ಅರ್ಧ ಕಿಲೋದಿಂದ ಒಂದು ಕಿಲೋ ತೂಕದ ಡಂಬೆಲ್‌ಗಳೂ ಅದರಲ್ಲಿದ್ದವು. ಮೊದಲ ಮೂರು ವಾರ ರೋಗಿಗಳು ಆಸ್ಪತ್ರೆಯಲ್ಲೇ ಇದ್ದು ಕಲಿತರು. ಕೊನೆಗೆ ಆರು ನಿಮಿಷದ ನಡಿಗೆಯಲ್ಲಿ ಅಭ್ಯಾಸ ಮಾಡಿದವರಿಗೂ ಮಾಡದವರಿಗೂ ಸರಾಸರಿ 111 ಮೀಟರ್ ಅಂತರ ಕಂಡಿತು. 2022ರ ಯುರೋಪಿನ ಹೃದಯ ಮತ್ತು ಶ್ವಾಸಕೋಶ ತಜ್ಞರ ಸಂಘಗಳ ಮಾರ್ಗಸೂಚಿ, ಶ್ವಾಸಕೋಶದ ಅಪಧಮನಿಗಳಲ್ಲೇ ತೊಂದರೆಯಿರುವ ಬಗೆಯ ಪಲ್ಮನರಿ ಹೈಪರ್‌ಟೆನ್ಷನ್‌ಗೆ ಔಷಧಿ ನಡೆಯುತ್ತಿರುವವರಿಗೆ ತಜ್ಞರ ಮೇಲ್ವಿಚಾರಣೆಯ ವ್ಯಾಯಾಮವನ್ನು ಬಲವಾಗಿಯೇ ಶಿಫಾರಸು ಮಾಡುತ್ತದೆ. ಇಲ್ಲಿ ಮುಖ್ಯವಾದವು ಎರಡು: ಔಷಧಿ ನಡೆಯುತ್ತಿರಬೇಕು, ಮೇಲ್ವಿಚಾರಣೆ ಇರಬೇಕು.

ಹಾಗಾಗಿ ಈಚೆಗೆ ತಲೆಸುತ್ತಿ ಬಿದ್ದವರು, ಎದೆನೋವು ಬರುತ್ತಿರುವವರು, ಕೂತಲ್ಲೇ ಏದುಸಿರು ಇರುವವರು, ಕಾಲೂತ ಏರುತ್ತಿರುವವರು, ಔಷಧಿ ಈಗಷ್ಟೇ ಶುರುವಾದವರು ಅಥವಾ ಬದಲಾದವರು ಕಾಯಬೇಕು. ಸಾಮಾನ್ಯವಾಗಿ ಎರಡು-ಮೂರು ತಿಂಗಳು ಸ್ಥಿತಿ ಏರುಪೇರಿಲ್ಲದೆ ನಿಂತ ಮೇಲೆ ವೈದ್ಯರು ಒಪ್ಪುತ್ತಾರೆ. ಒಪ್ಪಿಗೆ ಕೇಳುವಾಗ ಬರೀ ‘ವ್ಯಾಯಾಮ ಮಾಡಬಹುದಾ?’ ಎಂದರೆ ‘ಸ್ವಲ್ಪ ಮಾಡಿ’ ಎಂಬ ಉತ್ತರ ಸಿಗುತ್ತದೆ. ಹೀಗೆ ಕೇಳಿ:

- ಆಮ್ಲಜನಕದ ಪ್ರಮಾಣ ಎಷ್ಟಕ್ಕೆ ಇಳಿದರೆ ನಿಲ್ಲಿಸಬೇಕು?
- ನಾಡಿಬಡಿತ ಎಷ್ಟು ದಾಟಬಾರದು?
- ಒಂದು ಕೈಯಲ್ಲಿ ಎಷ್ಟು ತೂಕದವರೆಗೆ ಎತ್ತಬಹುದು?
- ಹೆಗಲಿಗಿಂತ ಮೇಲೆ ತೋಳು ಎತ್ತಬಹುದೇ, ಎರಡೂ ಬದಿಯದನ್ನೂ?

ಆಮ್ಲಜನಕಕ್ಕೆ ಹಲವು ಕೇಂದ್ರಗಳಲ್ಲಿ 88ರಿಂದ 90 ಶೇಕಡಾವನ್ನು ಗೆರೆಯಾಗಿ ಇಟ್ಟುಕೊಳ್ಳುತ್ತಾರೆ. ಹುಟ್ಟಿನಿಂದ ಹೃದಯದಲ್ಲಿ ರಂಧ್ರವಿದ್ದು ಅದರಿಂದಲೇ ಈ ಕಾಯಿಲೆ ಬಂದವರಲ್ಲಿ ವಿಶ್ರಾಂತಿಯ ಅಂಕಿಯೇ ಅದಕ್ಕಿಂತ ಕೆಳಗಿರಬಹುದು. ಅವರ ಗೆರೆ ಬೇರೆ. ನಾಡಿಬಡಿತಕ್ಕೆ ಹೈಡೆಲ್‌ಬರ್ಗ್ ತಂಡ ನಿಮಿಷಕ್ಕೆ 120ರ ಮಿತಿ ಹಾಕಿಕೊಂಡಿತ್ತು. ‘220ರಿಂದ ವಯಸ್ಸು ಕಳೆಯಿರಿ’ ಎಂಬ ಜಿಮ್ ಲೆಕ್ಕ ಇಲ್ಲಿ ಸಲ್ಲದು.

ಹೆಜ್ಜೆ 2: ಅಳೆಯಿರಿ

ಬೇಕಾಗುವುದು: ಪಲ್ಸ್ ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಮತ್ತು ನಾಡಿ ನೋಡುವ ಯಂತ್ರ), ಸೆಕೆಂಡು ತೋರಿಸುವ ಗಡಿಯಾರ, ಬೆನ್ನಿಗೆ ಆಸರೆಯಿರುವ ಗಟ್ಟಿ ಕುರ್ಚಿ, ನೋಟ್‌ಬುಕ್ಕು, ಜೊತೆಗೊಬ್ಬರು.

ಆಕ್ಸಿಮೀಟರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ತೋಳಿನ ವ್ಯಾಯಾಮದಲ್ಲಿ ಅದು ಕೊಡುವಷ್ಟು ತಪ್ಪು ಅಂಕಿಗಳನ್ನು ನಡಿಗೆಯಲ್ಲಿ ಕೊಡುವುದಿಲ್ಲ. ಬೆರಳು ಅಲುಗಿದರೆ ಅಂಕಿ ಕೆಡುತ್ತದೆ. ಒಂದು ತೋಳಿನ ವ್ಯಾಯಾಮವಾದರೆ ಇನ್ನೊಂದು ಕೈಗೆ ಹಾಕಿ, ಆ ಕೈಯನ್ನು ತೊಡೆಯ ಮೇಲೆ ಅಲುಗಿಸದೆ ಇಡಿ. ಬೆರಳು ತಣ್ಣಗಿದ್ದರೆ ರಕ್ತ ಸಾಲದೆ ಸುಳ್ಳು ಇಳಿಕೆ ತೋರುತ್ತದೆ. ಮೊದಲು ಕೈ ಬೆಚ್ಚಗಾಗಲಿ. ಸ್ಕ್ಲೆರೋಡರ್ಮಾ (ಚರ್ಮ ಗಟ್ಟಿಯಾಗುವ ಕಾಯಿಲೆ) ಇರುವವರ ಬೆರಳಿನ ನಾಳಗಳು ಚಳಿಗೆ ಮುದುಡುವುದರಿಂದ ಬೆರಳಿನ ಅಂಕಿಯನ್ನು ನಂಬುವುದು ಕಷ್ಟ; ಕಿವಿಯ ಹಾಲೆಗೆ ಅಥವಾ ಹಣೆಗೆ ಹಾಕುವ ಸಂವೇದಕ ವಾಸಿ. ಉಗುರುಬಣ್ಣ ತೆಗೆಯಿರಿ. ಚರ್ಮದ ಬಣ್ಣ ಗಾಢವಾಗಿದ್ದಷ್ಟೂ ಯಂತ್ರ ನಿಜಕ್ಕಿಂತ ತುಸು ಹೆಚ್ಚು ತೋರಿಸುವ ಸಂಭವವಿದೆ. ಹಾಗಾಗಿ 89, 90ರ ಅಂಚಿನ ಅಂಕಿಯನ್ನು ಉದಾರವಾಗಿ ಓದಬೇಡಿ. ಕೊನೆಯದಾಗಿ, ಬೆರಳಿನ ಅಂಕಿ ಯಾವಾಗಲೂ ಸ್ವಲ್ಪ ತಡ. ಎಲ್ಲಕ್ಕಿಂತ ಕಡಿಮೆ ಅಂಕಿ ಬರುವುದು ಹಲವು ಸಲ ಕೆಲಸ ನಿಲ್ಲಿಸಿದ ಮೇಲೆಯೇ. ನಿಲ್ಲಿಸಿದ ಕೂಡಲೇ ಯಂತ್ರ ಕಿತ್ತುಬಿಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಇನ್ನೊಂದು ನಿಮಿಷ ಹಾಗೆಯೇ ಬಿಡಿ.

ಏದುಸಿರನ್ನು ಬೋರ್ಗ್ ಅಳತೆಪಟ್ಟಿಯಲ್ಲಿ ಬರೆಯಿರಿ: 0 ಎಂದರೆ ಏನೂ ಇಲ್ಲ, 3 ಎಂದರೆ ಮಧ್ಯಮ, 5 ಎಂದರೆ ಜೋರು, 10 ಎಂದರೆ ತಡೆಯಲಾಗದ್ದು. ತೋಳಿನ ಸುಸ್ತಿಗೆ ಇನ್ನೊಂದು ಅಂಕಿ ಬೇರೆಯಾಗಿ ಬರೆಯಿರಿ. ಇವೆರಡನ್ನು ಬೆರೆಸಿದರೆ ಅಳತೆ ಕೆಲಸಕ್ಕೆ ಬರುವುದಿಲ್ಲ. ತೋಳು ಮೊದಲು ಸೋತರೆ ಸ್ನಾಯು ದುರ್ಬಲ, ಅದನ್ನು ಪಳಗಿಸಬಹುದು. ತೋಳು ಗಟ್ಟಿಯಿದ್ದೂ ಉಸಿರು ಮೊದಲು ಸೋತರೆ ತೂಕಕ್ಕಿಂತ ಮುಂಚೆ ಉಸಿರಾಟದ ಲಯವನ್ನೂ ಕೆಲಸದ ರೀತಿಯನ್ನೂ ತಿದ್ದಬೇಕು.

ಈಗ ಅಳತೆಗಳು.

ಮೊದಲು ಒಂದು ವಾರದ ದಿನಚರಿ. ಸ್ನಾನ, ತಲೆ ಬಾಚುವುದು, ಬಟ್ಟೆ ತೊಡುವುದು, ಹಾಸಿಗೆ ಸರಿಪಡಿಸುವುದು, ಅಡುಗೆಮನೆ ಕೆಲಸ, ಗುಡಿಸಿ ಒರೆಸುವುದು, ಬಟ್ಟೆ ಒಣಹಾಕುವುದು: ಪ್ರತಿಯೊಂದರ ಎದುರಿಗೂ ಎಷ್ಟು ನಿಮಿಷ, ನಡುವೆ ಎಷ್ಟು ಸಲ ನಿಂತಿರಿ, ಮುಗಿದಾಗ ಬೋರ್ಗ್ ಅಂಕಿ ಎಷ್ಟು ಎಂದು ಬರೆಯಿರಿ. ಬಿಟ್ಟೇಬಿಟ್ಟ ಕೆಲಸಗಳನ್ನೂ ಬರೆಯಬೇಕು. ‘ನನಗೇನೂ ತೊಂದರೆಯಿಲ್ಲ’ ಎನ್ನುವವರು ಕಷ್ಟದ ಕೆಲಸಗಳನ್ನು ಎಂದೋ ಬೇರೆಯವರಿಗೆ ದಾಟಿಸಿರುತ್ತಾರೆ.

ಎರಡನೆಯದು ಕೈಹಿಡಿತ. ಫಿಸಿಯೋಥೆರಪಿಸ್ಟ್ ಬಳಿ ಹಿಡಿತ ಅಳೆಯುವ ಸಾಧನವಿರುತ್ತದೆ. ಕೂತು, ತೋಳು ಮೈಗೆ ಅಂಟಿ, ಮೊಣಕೈ 90 ಡಿಗ್ರಿ ಮಡಿಸಿ, ಪ್ರತಿ ಕೈಗೆ ಮೂರು ಸಲ, ನಡುವೆ ವಿಶ್ರಾಂತಿ. ಹಿಡಿಯುವಾಗ ಉಸಿರು ಹೊರಬಿಡಲು ಮೊದಲೇ ಹೇಳಿಸಿಕೊಳ್ಳಿ. ಹಲ್ಲು ಕಚ್ಚಿ ಹಿಂಡುವುದು ಇಲ್ಲಿ ಶೌರ್ಯವಲ್ಲ.

ಮೂರನೆಯದು ಆರು ನಿಮಿಷದ ಉಂಗುರ ಪರೀಕ್ಷೆ. ಇದನ್ನು ತರಬೇತಿ ಇರುವವರೇ ಮಾಡಿಸಬೇಕು. ಹಲಗೆಯ ಎದುರು ಕೂರುತ್ತೀರಿ. ಹಲಗೆಯಲ್ಲಿ ನಾಲ್ಕು ಗೂಟ: ಎರಡು ಹೆಗಲ ಮಟ್ಟದಲ್ಲಿ, ಎರಡು ಅದಕ್ಕಿಂತ 20 ಸೆ.ಮೀ. ಮೇಲೆ. ಕೆಳಗಿನ ಒಂದೊಂದು ಗೂಟದಲ್ಲೂ ಹತ್ತು ಹಗುರ ಉಂಗುರ. ಎರಡು ಕೈಯಿಂದ ಒಂದೊಂದು ಉಂಗುರ ಏಕಕಾಲಕ್ಕೆ ತೆಗೆದು ಮೇಲಿನ ಗೂಟಗಳಿಗೆ, ಎಲ್ಲ ಮುಗಿದ ಮೇಲೆ ಮತ್ತೆ ಕೆಳಕ್ಕೆ. ಸುಸ್ತಾದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲದು. ಒಟ್ಟು ದಾಟಿಸಿದ ಉಂಗುರಗಳೇ ಅಂಕ. ಎರಡನೇ ಸಲ ಕೈ ಪಳಗಿ ಅಂಕ ಏರುವುದರಿಂದ ಚೆನ್ನಾಗಿ ವಿಶ್ರಾಂತಿ ಕೊಟ್ಟು ಎರಡು ಸಲ ಮಾಡಿಸಿ ಒಳ್ಳೆಯದನ್ನು ಇಟ್ಟುಕೊಳ್ಳುತ್ತಾರೆ.

ಮನೆಯಲ್ಲಿ ಇದರ ಸಣ್ಣ ರೂಪ ಸಾಕು, ಅದೂ ವೈದ್ಯರು ಹೆಗಲ ಮೇಲಿನ ಚಲನೆಗೆ ಒಪ್ಪಿದ್ದರೆ. ಕೂತಾಗ ಹೆಗಲ ಮಟ್ಟಕ್ಕೆ ಬರುವ ಒಂದು ಹಲಗೆ, ಅದರ ಮೇಲಿನದು ಇನ್ನೊಂದು. ಆರು ಖಾಲಿ ಪ್ಲಾಸ್ಟಿಕ್ ಲೋಟ. ಒಂದೊಂದಾಗಿ ಮೇಲಕ್ಕೆ, ಮತ್ತೆ ಕೆಳಕ್ಕೆ, ಎರಡು ನಿಮಿಷ. ಎಷ್ಟು ಸಲ ದಾಟಿಸಿದಿರಿ, ಶುರುವಿನಲ್ಲಿ ಮತ್ತು ಮುಗಿದ ಒಂದು ನಿಮಿಷಕ್ಕೆ ಆಮ್ಲಜನಕ, ನಾಡಿ, ಬೋರ್ಗ್ ಎಷ್ಟು ಎಂದು ಬರೆಯಿರಿ. ಬೋರ್ಗ್ 5ಕ್ಕೆ ಮುಟ್ಟಿದರೆ ಅಲ್ಲಿಗೇ ನಿಲ್ಲಿಸಿ, ಸೆಕೆಂಡು ಬರೆದುಕೊಳ್ಳಿ. ಇದು ನಿಮ್ಮನ್ನು ನಿಮ್ಮೊಂದಿಗೇ ಹೋಲಿಸಲು. ಆಸ್ಪತ್ರೆಯ ಅಂಕದ ಪಕ್ಕದಲ್ಲಿಟ್ಟು ನೋಡಬೇಡಿ.

ಹೆಜ್ಜೆ 3: ತೂಕಕ್ಕೆ ಮುಂಚೆ ಉಸಿರು

ಮೂಗಿನಿಂದ ಎರಡು ಎಣಿಕೆ ಒಳಗೆ, ತುಟಿ ಕಿರಿದು ಮಾಡಿ ನಾಲ್ಕು ಎಣಿಕೆ ಹೊರಗೆ. ಶ್ರಮದ ಭಾಗಕ್ಕೆ ಯಾವಾಗಲೂ ಹೊರ ಉಸಿರು: ಎತ್ತುವಾಗ, ತಳ್ಳುವಾಗ, ಎಳೆಯುವಾಗ, ಹಿಂಡುವಾಗ. ಗೊಂದಲವಾದರೆ ‘ಒಂದು, ಎರಡು’ ಎಂದು ಬಾಯಿಬಿಟ್ಟು ಎಣಿಸಿ. ಮಾತಾಡುತ್ತ ಉಸಿರು ಬಿಗಿ ಹಿಡಿಯಲು ಯಾರಿಂದಲೂ ಆಗದು. ಮೂರ್ನಾಲ್ಕು ದಿನ ಬರಿಗೈಯಲ್ಲಿ ಇದನ್ನೇ ಮಾಡಿ. ಹೆಗಲು ಕಿವಿಯ ಕಡೆಗೆ ಏರುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ಏರುತ್ತಿದ್ದರೆ ಕತ್ತಿನ ಸ್ನಾಯುಗಳಿಂದ ಉಸಿರಾಡುತ್ತಿದ್ದೀರಿ ಎಂದರ್ಥ. ತೋಳಿಗೆ ಬೇಕಾದದ್ದೂ ಅವೇ ಸ್ನಾಯುಗಳು.

ಹೆಜ್ಜೆ 4: ಅಭ್ಯಾಸ

ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಊಟವಾಗಿ ಒಂದೂವರೆ ಗಂಟೆಯಾದರೂ ಆಗಿರಲಿ. ರಕ್ತನಾಳ ಹಿಗ್ಗಿಸುವ ಮಾತ್ರೆಯಾದ ಮೇಲೆ ಸ್ವಲ್ಪ ಹೊತ್ತು ತಲೆ ಹಗುರಾಗುವ ರೂಢಿಯಿದ್ದರೆ ಆ ಹೊತ್ತನ್ನು ಬಿಡಿ. ಒಟ್ಟು 20 ನಿಮಿಷ; ಅದರಲ್ಲಿ ವಿಶ್ರಾಂತಿಯೇ ಅರ್ಧ.

ಮೊದಲ ಐದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ: ಕುರ್ಚಿಯಲ್ಲಿ ಕೂತು ಹೆಗಲು ಹಿಂದಕ್ಕೆ ತಿರುಗಿಸುವುದು, ಮಣಿಕಟ್ಟು ತಿರುಗಿಸುವುದು, ಕಾಲ್ಬೆರಳು ಮತ್ತು ಹಿಮ್ಮಡಿ ಎತ್ತಿ ಇಳಿಸುವುದು. ಕಾಲನ್ನೂ ಅಲುಗಿಸುವುದರಿಂದ ರಕ್ತ ಕೆಳಗೆ ನಿಂತುಬಿಡುವುದಿಲ್ಲ.

ತೂಕಕ್ಕೆ ಅರ್ಧ ಲೀಟರ್ ನೀರಿನ ಬಾಟಲಿ ಧಾರಾಳ ಸಾಕು. ತುಂಬಿದರೆ ಅರ್ಧ ಕಿಲೋ, ಅರ್ಧ ತುಂಬಿದರೆ ಕಾಲು ಕಿಲೋ. ಹಿಡಿತ ದುರ್ಬಲವಿದ್ದರೆ ಅಥವಾ ಬೆರಳು ಸೆಟೆದಿದ್ದರೆ ಮಣಿಕಟ್ಟಿಗೆ ಕಟ್ಟುವ ತೂಕದ ಪಟ್ಟಿ ವಾಸಿ, ಬಿಗಿಯಾಗಿ ಹಿಡಿಯುವ ಪ್ರಮೇಯವೇ ಇರುವುದಿಲ್ಲ.

1. ಮೊಣಕೈ ಮಡಿಸುವುದು. ತೋಳು ಮೈಗೆ ಅಂಟಿರಲಿ. ಉಸಿರು ಬಿಡುತ್ತ ಎರಡು ಎಣಿಕೆಯಲ್ಲಿ ಮೇಲೆ, ಎಳೆದುಕೊಳ್ಳುತ್ತ ಮೂರು ಎಣಿಕೆಯಲ್ಲಿ ಕೆಳಗೆ. ಒಂದು ತೋಳಿಗೆ 8 ಸಲ, ಆಮೇಲೆ ಇನ್ನೊಂದು.

2. ಬ್ಯಾಂಡ್ ಎಳೆಯುವುದು. ಎಲ್ಲಕ್ಕಿಂತ ಮೆತ್ತಗಿನ ಎಲಾಸ್ಟಿಕ್ ಬ್ಯಾಂಡನ್ನು ಗಟ್ಟಿ ಕಂಬಕ್ಕೋ ಬಾಗಿಲ ಹಿಡಿಕೆಗೋ ಸೊಂಟದ ಮಟ್ಟದಲ್ಲಿ ಕಟ್ಟಿ, ಕೂತು, ಮೊಣಕೈಯನ್ನು ಹಿಂದಕ್ಕೆ ಎಳೆಯಿರಿ. ಬೆನ್ನಿನ ಸ್ನಾಯು ಕೆಲಸ ಮಾಡುತ್ತದೆ, ತೋಳು ಮೇಲೇಳುವುದೇ ಇಲ್ಲ. ಹಾಗಾಗಿ ಉಸಿರಿಗೆ ಹಗುರ. ಎಳೆದು ಹಿಡಿದು ನಿಲ್ಲಿಸಬೇಡಿ. 8 ಸಲ.

3. ಗೋಡೆ ತಳ್ಳುವುದು. ಗೋಡೆಯಿಂದ ಒಂದು ತೋಳಿನಷ್ಟು ದೂರ, ಅಂಗೈ ಎದೆಯ ಮಟ್ಟದಲ್ಲಿ. ಮೊಣಕೈ ಮಡಿಸುತ್ತ ಒಳ ಉಸಿರು, ತಳ್ಳುತ್ತ ಹೊರ ಉಸಿರು. 5 ಸಲದಿಂದ ಶುರು. ಬಲಭಾಗದ ಹೃದಯ ವೈಫಲ್ಯದ ಲಕ್ಷಣ (ಹೃದಯದ ಬಲಭಾಗ ಸೋತು ಬರುವ ಕಾಲೂತದಂಥದ್ದು) ಇರುವವರು ಇದನ್ನು ಕೊನೆಗಿಟ್ಟುಕೊಳ್ಳಿ.

4. ಮುಂದಕ್ಕೆ ಎತ್ತುವುದು. ಮೊದಲು ಬರಿಗೈ. ಹೆಗಲ ಮಟ್ಟದವರೆಗೆ ಮಾತ್ರ, ಒಂದು ತೋಳಾದ ಮೇಲೆ ಇನ್ನೊಂದು. 6 ಸಲ. ಬಾಚುವುದಕ್ಕೂ ಬಟ್ಟೆ ಒಣಹಾಕುವುದಕ್ಕೂ ಹತ್ತಿರದ ಅಭ್ಯಾಸ ಇದೇ, ಕಷ್ಟದ್ದೂ ಇದೇ.

5. ಸ್ಪಂಜು ಹಿಂಡುವುದು. ಒತ್ತಿ ತಕ್ಷಣ ಬಿಡಬೇಕು. 10 ಸಲ.

ಒಂದು ಅಭ್ಯಾಸಕ್ಕೂ ಇನ್ನೊಂದಕ್ಕೂ ನಡುವೆ ಒಂದರಿಂದ ಎರಡು ನಿಮಿಷ, ಅಥವಾ ಬೋರ್ಗ್ 2ಕ್ಕೆ ಇಳಿಯುವವರೆಗೆ, ಯಾವುದು ಹೆಚ್ಚೋ ಅಷ್ಟು. ಅಭ್ಯಾಸದ ನಡುವೆ ಅದು 3ರಿಂದ 4ರ ಆಸುಪಾಸಿನಲ್ಲಿರಲಿ. ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡು ಮಾತಿಗೊಮ್ಮೆ ಉಸಿರು ಎಳೆಯುವಂತಾದರೆ ಅತಿಯಾಯಿತು.

ಏರಿಸುವ ಕ್ರಮ ಹೀಗೆ. ಮೊದಲ ಎರಡು ವಾರ ಒಂದೊಂದು ಸುತ್ತು. ಸರಾಗವಾದರೆ ಸಂಖ್ಯೆಯನ್ನು ವಾರಕ್ಕೆ ಎರಡರಂತೆ ಏರಿಸುತ್ತ 15ಕ್ಕೆ ತನ್ನಿ. ಆಮೇಲೆ ಎರಡನೇ ಸುತ್ತು. ಎರಡು ಸುತ್ತಿನ 15 ಸತತ ಮೂರು ಸಲ ಬೋರ್ಗ್ 3ರೊಳಗೆ ಮುಗಿದರೆ ಮಾತ್ರ ಕಾಲು ಕಿಲೋ ಸೇರಿಸಿ, ಸಂಖ್ಯೆಯನ್ನು ಮತ್ತೆ 8ಕ್ಕೆ ಇಳಿಸಿ. ತೂಕ, ಸಂಖ್ಯೆ, ಸುತ್ತು ಮೂರನ್ನೂ ಒಟ್ಟಿಗೆ ಏರಿಸಿದರೆ ಯಾವುದು ಹೆಚ್ಚಾಯಿತೆಂದು ತಿಳಿಯುವುದಿಲ್ಲ. ಒಂದು ಕಿಲೋ ದಾಟಲು ಫಿಸಿಯೋಥೆರಪಿಸ್ಟ್ ಒಪ್ಪಿಗೆ ಬೇಕು. ಹೆಚ್ಚಿನವರಿಗೆ ಅದರ ಅಗತ್ಯವೂ ಬೀಳುವುದಿಲ್ಲ, ಬಾಚಣಿಗೆಗೆ ಒಂದು ಕಿಲೋ ತೂಕವಿಲ್ಲ.

ಮುಗಿದ ಮೇಲೆ ದಿಢೀರನೆ ಎದ್ದು ನಿಲ್ಲಬೇಡಿ. ಕೂತೇ ಐದು ನಿಮಿಷ ಕಾಲಾಡಿಸಿ, ನಾಡಿ ಮೊದಲಿನ ಅಂಕಿಯ ಹತ್ತಿರ ಬಂದ ಮೇಲೆ ಏಳಿ.

ಹೆಜ್ಜೆ 5: ದಿನದ ಕೆಲಸಗಳನ್ನು ತಿದ್ದಿಕೊಳ್ಳಿ

ಅಭ್ಯಾಸದ ಫಲ ಬರಲು ವಾರಗಳು ಬೇಕು. ಕೆಲಸದ ರೀತಿ ಬದಲಿಸಿದರೆ ಇವತ್ತೇ ಹಗುರ. ನಿಯಮ ಒಂದೇ: ಮೊಣಕೈ ಹೆಗಲಿಗಿಂತ ಕೆಳಗಿರಲಿ, ಸಾಧ್ಯವಿದ್ದಲ್ಲೆಲ್ಲ ಅದಕ್ಕೊಂದು ಆಸರೆಯಿರಲಿ.

ಸ್ನಾನದಿಂದ ಶುರು ಮಾಡೋಣ, ಯಾಕೆಂದರೆ ಎಲ್ಲ ತೊಂದರೆಗಳೂ ಅಲ್ಲಿ ಒಟ್ಟಿಗೆ ಸೇರುತ್ತವೆ: ತೋಳು ಮೇಲೆ, ಮೈ ಬಾಗಿದ್ದು, ಬಿಸಿನೀರು, ಹಬೆ, ಮುಚ್ಚಿದ ಬಾಗಿಲು. ಬಿಸಿಗೆ ಚರ್ಮದ ನಾಳಗಳು ಹಿಗ್ಗುತ್ತವೆ, ಮಾತ್ರೆಯೂ ಅದನ್ನೇ ಮಾಡಿರುತ್ತದೆ. ಎರಡೂ ಸೇರಿ ಬಿಪಿ ಇಳಿದು ಬಚ್ಚಲಲ್ಲೇ ತಲೆಸುತ್ತುತ್ತದೆ. ನೀರು ಉಗುರುಬೆಚ್ಚಗಿರಲಿ. ಜಾರದ ಕಾಲಿನ ಎತ್ತರದ ಸ್ಟೂಲ್ ಮೇಲೆ ಕೂತು ಸ್ನಾನ ಮಾಡಿ. ದೊಡ್ಡ ಚೊಂಬಿನ ಬದಲು ಚಿಕ್ಕ ಮಗ್ ಅಥವಾ ಕೈಯಲ್ಲಿ ಹಿಡಿಯುವ ಷವರ್. ಬೆನ್ನಿಗೆ ಉದ್ದ ಹಿಡಿಯ ಬ್ರಷ್. ತಲೆಸ್ನಾನ ಮತ್ತು ಮೈಸ್ನಾನ ಬೇರೆ ಬೇರೆ ದಿನ. ಮೈ ಒರೆಸುವುದೇ ಎಷ್ಟೋ ಸಲ ಸ್ನಾನಕ್ಕಿಂತ ಹೆಚ್ಚು ದಣಿಸುತ್ತದೆ. ದಪ್ಪ ಟವೆಲ್ಲಿನ ಮೇಲಂಗಿ ತೊಟ್ಟು ಹತ್ತು ನಿಮಿಷ ಕೂತರೆ ಅದೇ ನೀರು ಹೀರಿಕೊಳ್ಳುತ್ತದೆ. ಚಿಲಕ ಹಾಕಬೇಡಿ.

ತಲೆ ಬಾಚುವಾಗ ಮೇಜಿನ ಮೇಲೆ ಎರಡು ದಿಂಬಿಟ್ಟು ಮೊಣಕೈ ಊರಿ. ತಲೆಯನ್ನು ಕೈಯ ಕಡೆಗೆ ತನ್ನಿ, ಕೈಯನ್ನು ತಲೆಯ ಕಡೆಗಲ್ಲ. ಉದ್ದ ಕೂದಲನ್ನು ಎಡ ಹೆಗಲ ಮುಂದೆ ತಂದುಕೊಂಡು ಬಾಚಿದರೆ ತೋಳು ಎತ್ತುವುದೇ ಬೇಡ; ಜಡೆಯನ್ನೂ ಅಲ್ಲಿಯೇ ಹೆಣೆಯಬಹುದು. ಹಲ್ಲುಜ್ಜುವಾಗಲೂ ಸಿಂಕಿನ ಅಂಚಿಗೆ ಮೊಣಕೈ ಊರಿ.

ಬಟ್ಟೆ ತೊಡುವಾಗ ತಲೆಯಿಂದ ಎಳೆದುಕೊಳ್ಳುವವುಗಳಿಗಿಂತ ಮುಂದೆ ಗುಂಡಿಯಿರುವವು ಒಳ್ಳೆಯವು. ಹಿಂದೆ ಕೊಕ್ಕೆಯಿರುವ ಒಳಉಡುಪನ್ನು ಮುಂದೆ ಹಾಕಿ ಆಮೇಲೆ ತಿರುಗಿಸಿಕೊಳ್ಳಿ. ಚಪ್ಪಲಿ, ಕಾಲುಚೀಲಕ್ಕೆ ಬಾಗಬೇಡಿ. ಮುಂದಕ್ಕೆ ಬಾಗಿದಾಗ ಎದೆಯೊಳಗಿನ ಒತ್ತಡ ಏರಿ ಅರ್ಧ ನಿಮಿಷದಲ್ಲಿ ಏದುಸಿರು ಬರಬಹುದು. ಕೂತು, ಒಂದು ಕಾಲನ್ನು ಇನ್ನೊಂದರ ಮಂಡಿಯ ಮೇಲೆ ತಂದುಕೊಳ್ಳಿ.

ಬಟ್ಟೆ ಒಣಹಾಕಲು ಹಗ್ಗವನ್ನು ಎದೆಮಟ್ಟಕ್ಕೆ ಇಳಿಸಿ, ಇಲ್ಲವೇ ಮಡಚುವ ಸ್ಟ್ಯಾಂಡ್ ಇಟ್ಟುಕೊಳ್ಳಿ. ಬಟ್ಟೆಯ ಬುಟ್ಟಿ ನೆಲದ ಮೇಲಿದ್ದರೆ ಪ್ರತಿ ಬಟ್ಟೆಗೂ ಒಂದು ಬಗ್ಗುವಿಕೆ, ಒಂದು ಎತ್ತುವಿಕೆ, ಸ್ಟೂಲ್ ಮೇಲಿಡಿ. ಕೈಯಿಂದ ಹಿಂಡುವುದನ್ನು ಬಿಟ್ಟುಬಿಡಿ.

ಅಡುಗೆಮನೆಯಲ್ಲಿ ದಿನ ಬಳಸುವುದೆಲ್ಲ ಸೊಂಟ ಮತ್ತು ಹೆಗಲ ನಡುವಿನ ಹಲಗೆಗಳಿಗೆ ಇಳಿಯಲಿ. ಹೆಚ್ಚುವುದು, ಬಿಡಿಸುವುದು ಕೂತೇ. ನೀರು ತುಂಬಿದ ಪಾತ್ರೆ ಎತ್ತುವ ಬದಲು ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು ಚಿಕ್ಕ ಜಗ್ಗಿನಿಂದ ನೀರು ಹುಯ್ಯಿರಿ. ಪಾತ್ರೆಯನ್ನು ಎತ್ತದೆ ಕಟ್ಟೆಯ ಮೇಲೆ ಜಾರಿಸಿ. ಮುಚ್ಚಳಗಳನ್ನು ಬೇರೆಯವರಿಂದ ಸಡಿಲ ಮಾಡಿಸಿಡಿ. ಸಾಮಾನಿನ ಚೀಲ ಒಂದು ಕೈಯಲ್ಲಿ ತೂಗಾಡಿಸುತ್ತ ನಡೆಯಬೇಡಿ. ಚಕ್ರದ ಚೀಲ, ಅದಿಲ್ಲದಿದ್ದರೆ ಎರಡು ಚಿಕ್ಕ ಚೀಲ.

ಗುಡಿಸಿ ಒರೆಸುವುದಕ್ಕೆ ಉದ್ದ ಹಿಡಿ, ಒಂದು ದಿನಕ್ಕೆ ಒಂದು ಕೋಣೆ. ಹಾಸಿಗೆಯ ಹೊದಿಕೆ ಬದಲಿಸುವುದು ಇಬ್ಬರ ಕೆಲಸ.

ಕಷ್ಟದ ಎರಡು ಕೆಲಸ ಒಂದರ ಹಿಂದೆ ಒಂದು ಬರಬಾರದು. ಬೆಳಗ್ಗೆ ಎದ್ದು ಸ್ನಾನ, ತಿಂಡಿ ಮಾಡುವುದು, ಬಟ್ಟೆ ಎಲ್ಲ ಎರಡು ಗಂಟೆಯೊಳಗೆ ಮುಗಿಸಿ ಮಧ್ಯಾಹ್ನವೆಲ್ಲ ಮಲಗುವವರ ದಿನಚರಿ ನೋಡಿದರೆ ಒಟ್ಟು ಕೆಲಸ ಹೆಚ್ಚೇನಿರುವುದಿಲ್ಲ, ಜೋಡಿಸಿದ ರೀತಿಯೇ ತಪ್ಪಾಗಿರುತ್ತದೆ.

ಪಂಪು, ನಳಿಕೆ, ಪೇಸ್‌ಮೇಕರ್ ಇದ್ದರೆ

ರಕ್ತನಾಳ ಹಿಗ್ಗಿಸುವ ಎಪೊಪ್ರೊಸ್ಟೆನಾಲ್‌ನಂಥ ಔಷಧಿಯನ್ನು ಚಿಕ್ಕ ಪಂಪಿನಿಂದ, ಕಾಲರ್ ಎಲುಬಿನ ಕೆಳಗೆ ಹೊರಬರುವ ನಳಿಕೆಯ ಮೂಲಕ ಹಗಲೂ ರಾತ್ರಿ ಹರಿಸುವವರು ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. ಆ ಔಷಧಿ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ನಳಿಕೆ ಎಳೆದು ಕಳಚಿದರೆ ಅದು ಆ ಕ್ಷಣದ ತುರ್ತು. ಬ್ಯಾಂಡ್, ಬಾಟಲಿ ಯಾವುದೂ ನಳಿಕೆಗೆ ಸಿಕ್ಕಿಕೊಳ್ಳದಂತೆ ಅದನ್ನು ಅಂಗಿಯೊಳಗೆ ಕುಣಿಕೆ ಮಾಡಿ ಅಂಟಿಸಿ, ಪಂಪನ್ನು ಸೊಂಟಕ್ಕೆ ಕಟ್ಟಿ. ಹೆದರಿ ಆ ಬದಿಯ ಹೆಗಲನ್ನು ಅಲುಗಿಸದೇ ಇರುವುದೂ ತಪ್ಪು. ಕೆಲವು ತಿಂಗಳಲ್ಲಿ ಹೆಗಲು ಸೆಟೆದುಕೊಳ್ಳುತ್ತದೆ. ಗಾಯ ಮಾಗಿದ ಮೇಲೆ ಎಷ್ಟು ಎತ್ತಬಹುದೆಂದು ಕೇಳಿ, ಅಷ್ಟನ್ನು ದಿನವೂ ಎತ್ತಿ. ಪೇಸ್‌ಮೇಕರ್ ಹಾಕಿದ ಬದಿಯ ತೋಳನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹೆಗಲಿಗಿಂತ ಮೇಲೆತ್ತಬಾರದು.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಣಿಕಟ್ಟಿನ ಪಟ್ಟಿ ಬಿಗಿಯಾಗಿ ಕಟ್ಟಬೇಡಿ, ನೀಲಿಗಟ್ಟುತ್ತದೆ. ಆಮ್ಲಜನಕದ ಸಿಲಿಂಡರ್ ಬಳಸುವವರು ಅಭ್ಯಾಸದಲ್ಲೂ ಬಳಸಬೇಕು. ಹರಿವನ್ನು ತಾವಾಗಿ ಏರಿಸಬಾರದು.

ಎಲ್ಲಿ ತಪ್ಪುತ್ತದೆ

ಒಳ್ಳೆಯ ದಿನ ಬಂದಾಗ ಬಾಕಿ ಕೆಲಸವೆಲ್ಲ ಮುಗಿಸಿ ಮರುದಿನದಿಂದ ಎರಡು ದಿನ ಮಲಗುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಮರುದಿನ ಬೆಳಗ್ಗೆಯೂ ಸುಸ್ತು ಉಳಿದಿದ್ದರೆ ಹಿಂದಿನ ದಿನದ್ದು ಹೆಚ್ಚಾಯಿತು. ಮೂರನೇ ಒಂದು ಭಾಗ ಕಡಿಮೆ ಮಾಡಿ. ಎಂಟು ವಾರವಾದರೂ ಒಂದಿಷ್ಟೂ ಮುಂದೆ ಹೋಗದಿದ್ದರೆ ಹಟ ಹಿಡಿಯದೆ ರಕ್ತಪರೀಕ್ಷೆ ಮಾಡಿಸಿ. ಈ ಕಾಯಿಲೆಯವರಲ್ಲಿ ಕಬ್ಬಿಣಾಂಶದ ಕೊರತೆ ಹೆಚ್ಚು, ಹಿಮೋಗ್ಲೋಬಿನ್ ಸರಿಯಿದ್ದಾಗಲೂ ಅದು ಕಸುವನ್ನು ತಿನ್ನುತ್ತದೆ. ಬರೀ ನಾಡಿಬಡಿತ ನೋಡಿಕೊಂಡು ನಡೆಯುವುದೂ ಮೋಸ. ಬಡಿತ ಇಳಿಸುವ ಮಾತ್ರೆ ತಿನ್ನುವವರಲ್ಲಿ ಅಂಕಿ ಹೆಚ್ಚು ಏರುವುದಿಲ್ಲ, ಬೋರ್ಗ್ ಅಂಕಿಯೇ ಗತಿ.

ತಲೆ ಹಗುರಾಗುವುದು, ಕಣ್ಣು ಮಂಜಾಗುವುದು, ಎದೆ ಹಿಡಿದಂತಾಗುವುದು, ಎದೆ ಡವಗುಟ್ಟಿ ತಾಳ ತಪ್ಪುವುದು, ತುಟಿ ನೀಲಿಯಾಗುವುದು, ವಾಕರಿಕೆ, ಆಮ್ಲಜನಕ ನಿಮ್ಮ ಗೆರೆಗಿಂತ ಕೆಳಗಿಳಿಯುವುದು: ಇವುಗಳಲ್ಲಿ ಒಂದು ಬಂದರೂ ಕೂಡಲೇ ನಿಲ್ಲಿಸಿ, ಕೂರಿ ಅಥವಾ ಮಲಗಿ. ಹತ್ತು ನಿಮಿಷದಲ್ಲಿ ಪೂರ್ತಿ ಸರಿಹೋದರೂ ಅಂದು ಮತ್ತೆ ಶುರು ಮಾಡಬೇಡಿ, ವೈದ್ಯರಿಗೆ ತಿಳಿಸಿ. ಪ್ರಜ್ಞೆ ತಪ್ಪಿದರೆ, ಎದೆನೋವು ನಿಲ್ಲದಿದ್ದರೆ, ಉಸಿರು ಹಿಡಿತಕ್ಕೆ ಬಾರದಿದ್ದರೆ ಆಂಬುಲೆನ್ಸ್ ಕರೆಸಿ. ಕೆಲವೇ ದಿನದಲ್ಲಿ ತೂಕ ಒಂದೂವರೆ-ಎರಡು ಕಿಲೋ ಏರಿದರೆ ಅದು ಸ್ನಾಯುವಲ್ಲ, ನೀರು. ಅಭ್ಯಾಸ ನಿಲ್ಲಿಸಿ ಫೋನ್ ಮಾಡಿ.

ಮತ್ತೆ ಅಳೆಯುವುದು ಯಾವಾಗ

ಎಂಟು ವಾರಕ್ಕೊಮ್ಮೆ. ಅದೇ ಕುರ್ಚಿ, ಅದೇ ಹಲಗೆ, ದಿನದ ಅದೇ ಹೊತ್ತು, ಮಾತ್ರೆಯಾಗಿ ಅಷ್ಟೇ ಸಮಯಕ್ಕೆ. ಲೋಟದ ಸಂಖ್ಯೆ ಏರದಿದ್ದರೂ ಅದೇ ಸಂಖ್ಯೆಗೆ ಬೋರ್ಗ್ 4ರಿಂದ 3ಕ್ಕೆ ಇಳಿದಿದ್ದರೆ ಅದೂ ಪ್ರಗತಿಯೇ. ಒಂದು ವಾರದ ದಿನಚರಿಯನ್ನು ಮತ್ತೆ ಬರೆದು ಹಳೆಯದರ ಪಕ್ಕದಲ್ಲಿಡಿ. ವೈದ್ಯರ ಭೇಟಿಗೆ ಹೋಗುವಾಗ ಎರಡನ್ನೂ ಒಯ್ಯಿರಿ, ಬಿಟ್ಟುಬಿಟ್ಟಿದ್ದ ಕೆಲಸಗಳಲ್ಲಿ ಯಾವುದು ಮರಳಿ ಕೈಗೆ ಬಂತು, ಯಾವುದು ಹೊಸದಾಗಿ ಕೈಬಿಟ್ಟಿತು ಎಂಬುದಕ್ಕೆ ಗುರುತು ಹಾಕಿಕೊಂಡು. ಹೊಸದಾಗಿ ಕೈಬಿಟ್ಟದ್ದೇನಾದರೂ ಇದ್ದರೆ ಅದನ್ನು ಮೊದಲು ಹೇಳಿ. ನಡಿಗೆಯ ಮೀಟರ್ ಇನ್ನೂ ಅಷ್ಟೇ ಇದ್ದಾಗಲೂ ತೋಳಿನ ಕೆಲಸ ಹಿಂದೆ ಬಿದ್ದಿರಬಹುದು, ಅದು ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಣಿಸುವುದಿಲ್ಲ.